ಹೊಂಡದ ಮೀನಿಗೆ ಆಹಾರವಿಡುವ ಕ್ರಮ

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳಿಗೆ ಹೆಸರಾದವು. ಇಲ್ಲಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವವರು, ಆಹಾರ ಹೆಚ್ಚಿದಷ್ಟೂ ಮೀನು ಬೇಗ ಬೆಳೆಯುವುದೆಂದು ಭಾವಿಸುವುದುಂಟು. ಇದು ಸರಿಯಲ್ಲ. ಮೀನು ತಿನ್ನದೆ ಬಿಟ್ಟ ಆಹಾರವು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುವುದು. ರಾತ್ರಿಯಲ್ಲಿ ಪಾಚಿಯೂ ಅದನ್ನು ಬಳಸುವುದರಿಂದ, ಬೆಳಗಿನ ಜಾವದೊಳಗೆ ಹೊಂಡದ ಮೀನೆಲ್ಲವೂ ಸಾಯಬಹುದು.

ಅಕ್ಕಿಯ ತೌಡನ್ನೂ ಕಡಲೆಕಾಯಿ ಹಿಂಡಿಯನ್ನೂ ಸಮಭಾಗವಾಗಿ ಬೆರೆಸಿ, ನೆನೆಸಿ, ಉಂಡೆಮಾಡಿ, ದಿನಕ್ಕೆ ಎರಡು ಸಲ ನಿಯತವಾದ ಸ್ಥಳದಲ್ಲಿ ಇಡತಕ್ಕದ್ದು. 100 ಗ್ರಾಂ ತೂಕದ 1,000 ಮೀನುಗಳಿದ್ದರೆ ಒಟ್ಟು ತೂಕ 100 ಕಿಲೋಗ್ರಾಂ. ಶೇಕಡಾ 3ರಂತೆ ದಿನಕ್ಕೆ 3 ಕಿಲೋಗ್ರಾಂ, ಅಂದರೆ ಹೊತ್ತಿಗೆ ಒಂದೂವರೆ ಕಿಲೋಗ್ರಾಂ ಸಾಕು. ಆಹಾರವನ್ನು ಬುಟ್ಟಿಯಲ್ಲಿಟ್ಟು ನೀರಿಗಿಳಿಸಿ, ಎರಡು ಗಂಟೆಯ ಮೇಲೆ ಎತ್ತಿ ನೋಡಬೇಕು. ಉಳಿದಿದ್ದರೆ ಮರುದಿನ ಅಳತೆಯನ್ನು ತಗ್ಗಿಸಬೇಕು. ಮೋಡ ಕವಿದ ದಿನಗಳಲ್ಲಿಯೂ ಚಳಿಗಾಲದಲ್ಲಿಯೂ ಕಡಿಮೆ ಇಡುವುದು ಕ್ಷೇಮ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯ್ದೆರೆಯುತ್ತಿದ್ದರೆ ಆ ದಿನ ಆಹಾರವನ್ನು ಇಡಲೇ ಕೂಡದು. ಕೂಡಲೇ ಹೊಸ ನೀರನ್ನು ಹಾಯಿಸತಕ್ಕದ್ದು.

ಊರಿನ ಪ್ರಮುಖರು ಈ ಬುಟ್ಟಿಯ ಪರೀಕ್ಷೆಯನ್ನು ತಮ್ಮ ಹೊಂಡಗಳಲ್ಲಿ ಮಾಡಿ ತೋರಿಸಿದರೆ ಉಳಿದವರಿಗೂ ಅದೇ ಮಾರ್ಗವಾಗುವುದು.