ಚಲನ್ ವೇಷದ ಕಳ್ಳ

ಪೀಣ್ಯದ ಶಿಫ್ಟಿಗೆ ತಡವಾಯಿತೆಂದು ರಿಂಗ್ ರೋಡಿನಲ್ಲಿ ಒಮ್ಮೆಯಾದರೂ ಸಿಗ್ನಲ್ ಹಾರಿಸಿದವರು ನಮ್ಮ ಲಗ್ಗೆರೆಯಲ್ಲಿ ಕಡಿಮೆಯೇನಿಲ್ಲ. ಆ ಅಳುಕೇ ಈಗ ಕಳ್ಳರ ಬಂಡವಾಳ. ವಾಟ್ಸ್‌ಆಪ್‌ಗೆ ಗಾಡಿ ನಂಬರ್ ಸಮೇತ ಚಲನ್ ಬರುತ್ತದೆ, ಕೆಳಗೊಂದು ಫೈಲ್. ಅದರ ಹೆಸರಿನ ಕೊನೆಗೆ ಒಂದು ಚುಕ್ಕಿ, ಆಮೇಲೆ ಎಪಿಕೆ ಎಂದಿದೆಯೇ? ಮುಟ್ಟಬೇಡಿ. ಅದು ರಸೀದಿಯಲ್ಲ, ಆಪ್. ಎಸ್‌ಎಂಎಸ್ ಓದಲು ಅದಕ್ಕೆ ಅನುಮತಿ ಕೊಟ್ಟಿರೋ, ಬ್ಯಾಂಕಿನ ಒಟಿಪಿ ನೀವು ನೋಡುವಷ್ಟರಲ್ಲಿ ಅವರ ಕೈಸೇರಿರುತ್ತದೆ. ಮದುವೆ ಕರೆಯೋಲೆಯ ವೇಷದಲ್ಲೂ ಇದೇ ಬರುತ್ತದೆ. ಕಳಿಸಿದ್ದು ನಿಮ್ಮ ಭಾವಮೈದುನನ ನಂಬರಿಂದಲೇ ಇರಬಹುದು; ಪಾಪ, ಅವನ ಫೋನ್ ಆಗಲೇ ಕಳ್ಳರ ವಶ.

ದಂಡ ನಿಜವೋ ಸುಳ್ಳೋ ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ. 2023ರ ಫೆಬ್ರವರಿಯಲ್ಲಿ ಬಂದಂಥ ಅರ್ಧ ದಂಡದ ರಿಯಾಯಿತಿ ದಿನಗಳಲ್ಲಂತೂ ಇನ್ನಷ್ಟು ಹುಷಾರು.

ಆ ಫೈಲನ್ನು ಒತ್ತಿಯೇಬಿಟ್ಟಿದ್ದರೆ? ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಪಕ್ಕದವರ ಫೋನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಖಾತೆಯಿಂದ ಖಾತೆಗೆ ಹಾರಿ ಚದುರುವ ಮುನ್ನ ತಡೆಹಿಡಿಯಲು ಸಾಧ್ಯವಿರುತ್ತದೆ. ಮನೆಯಲ್ಲಿ ಬೈತಾರೆಂದು ಬೆಳಗಿನವರೆಗೆ ಮುಚ್ಚಿಡಬೇಡಿ, ಅಣ್ಣಾ.