ಎರೆಯಲ್ಲಿ ಸಿಕ್ಕ ಗಾಲಿ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಯಂತ್ರದ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ನನಗೂ ಸಂಕೋಚವಿಲ್ಲದೆ ಇಲ್ಲ. ಆದರೆ ಈ ವಿಷಯವನ್ನು ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಮಳೆಗಾಲದ ಒಂದು ರಾತ್ರಿ ಅದೇ ನಮ್ಮ ದಾರಿಗೆ ಅಡ್ಡ ಬಂದು ನಿಂತಿತು.

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಬೆಣ್ಣಿಹಳ್ಳದ ಸೀಮೆಯ ಎರೆ ಭೂಮಿ ಹೇಗಿರುತ್ತದೆಂಬುದನ್ನು ಈ ಭಾಗದ ವಾಚಕರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನೆಲ, ನಾಲ್ಕು ದಿನ ಮಳೆ ಹಿಡಿದರೆ ಹಾಕಿದ ಹೆಜ್ಜೆಯನ್ನು ಕೀಳಗೊಡುವುದಿಲ್ಲ. ಕಲಘಟಗಿ ಕಡೆಯ ಕೆಮ್ಮಣ್ಣಿನವರಿಗೆ ಈ ಸುಖ ಗೊತ್ತಿಲ್ಲ. ಎರಡು ವರ್ಷಗಳ ಹಿಂದೆ ಅಂಥದೇ ಮಳೆಯಲ್ಲಿ, ನಡುರಾತ್ರಿ, ನಮ್ಮ ಅಕ್ಕನಿಗೆ ಹೆರಿಗೆಯ ನೋವು ಆರಂಭವಾಯಿತು. ನೆರೆಮನೆಯವರ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟೆವು. ಊರಿನಿಂದ ಎರಡು ಮೈಲು ಹೋಗುವಷ್ಟರಲ್ಲಿ ಕಾರಿನ ಎಡಗಡೆಯ ಮುಂಗಾಲಿ ರಸ್ತೆಯ ಅಂಚು ಬಿಟ್ಟು ರಾಡಿಗೆ ಇಳಿಯಿತು. ಬಲಗಾಲಿ ಗಟ್ಟಿಯಾದ ಗರಸಿನ ಮೇಲೆಯೇ ಇತ್ತು. ಚಾಲಕನು ಎಕ್ಸಿಲೇಟರ್ ತುಳಿದಷ್ಟೂ ರಾಡಿಯಲ್ಲಿದ್ದ ಗಾಲಿ ಗರಗರ ತಿರುಗಿ ಕೆಸರು ಹಾರಿಸಿತು. ಗರಸಿನ ಮೇಲಿನ ಗಾಲಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನೆ ನಿಂತಿತ್ತು.

ಹ್ಯಾಂಡ್ ಬ್ರೇಕ್ ಎಳೆದು ನೋಡಿದರು, ಆಗಲಿಲ್ಲ. ಬ್ರೇಕ್ ಪೆಡಲನ್ನು ಅರೆಬರೆ ಒತ್ತಿ ನೋಡಿದರು, ಅದೂ ಆಗಲಿಲ್ಲ. ಕಾಕಾನ ಟ್ರ್ಯಾಕ್ಟರು ಹಳ್ಳದ ಆಚೆ ಹೊಲದಲ್ಲಿತ್ತು. ಹಳ್ಳ ತುಂಬಿ ಹರಿಯುತ್ತಿತ್ತು. ಅಕ್ಕ ನನ್ನ ಕೈಯನ್ನು ಹಿಡಿದ ಹಿಡಿತ ಇಂದಿಗೂ ನೆನಪಿದೆ. ಕೊನೆಗೆ ಕಾಕಾ ತಾನು ಹೊದ್ದಿದ್ದ ಕಂಬಳಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ತಿರುಗುತ್ತಿದ್ದ ಎಡಗಾಲಿಯ ಮುಂದೆ ತುರುಕಿದ. ಚಾಲಕನು ಮೆಲ್ಲಗೆ ಕ್ಲಚ್ ಬಿಟ್ಟ. ಎಡಗಾಲಿ ಕಂಬಳಿಯನ್ನು ಕಚ್ಚಿತು. ಆ ಕ್ಷಣವೇ ಅಷ್ಟು ಹೊತ್ತು ಸತ್ತಂತೆ ನಿಂತಿದ್ದ ಬಲಗಾಲಿಗೂ ಜೀವ ಬಂದು, ಕಾರು ಮೇಲೇರಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಸುಖವಾಗಿದ್ದಾರೆ. ಕಂಬಳಿ ಮಾತ್ರ ಹೋಯಿತು.

ಆಸ್ಪತ್ರೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕಾಕಾ ಕೇಳಿದ: “ಏನವಾ, ಕಾಲೇಜಿಗೆ ಹೋಗಾಕಿ. ಕಂಬಳಿ ಹಾಸಿದ್ದು ಎಡಗಡೆ ಗಾಲಿಗೆ. ಬಲಗಡೆ ಗಾಲಿ ಯಾಕ ತಿರಗಿತು, ಹೇಳು ನೋಡೂಣು?”

ನಾನು ಉತ್ತರ ಕೊಡಲಿಲ್ಲ. ಈ ಲೇಖನ ಆ ಉತ್ತರವೇ. ತುಸು ತಡವಾಗಿ ಬಂದದ್ದು.

ಮೊದಲು ಚಕ್ಕಡಿಯನ್ನು ನೆನೆಯೋಣ. ಚಕ್ಕಡಿಯ ಎರಡು ಗಾಲಿಗಳೂ ತಮ್ಮ ತಮ್ಮ ಅಚ್ಚಿನ ತುದಿಯಲ್ಲಿ ಸ್ವತಂತ್ರವಾಗಿ ತಿರುಗುತ್ತವೆ. ಎಳೆಯುವುದು ಎತ್ತು, ಗಾಲಿಯಲ್ಲ. ಆದುದರಿಂದ ತಿರುವಿನಲ್ಲಿ ಒಂದು ಗಾಲಿ ಹೆಚ್ಚು ಹಾದಿ ಸವೆಸಿದರೂ ತೊಂದರೆಯಿಲ್ಲ. ಮೋಟಾರು ವಾಹನದಲ್ಲಿ ಹಾಗಲ್ಲ. ಅಲ್ಲಿ ಗಾಲಿಯೇ ಎತ್ತು. ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದು ಎಂಜಿನಿನಿಂದ ತಿರುಗಿಸಿದರೆ ತಿರುವಿನಲ್ಲಿ ಜಗಳ ಹುಟ್ಟುತ್ತದೆ. ಗಾಲಿಗಳ ನಡುವಿನ ಅಂತರ ೧.೪ ಮೀಟರ್ ಇದೆಯೆನ್ನಿ. ಕಾರು ಒಂದು ಪೂರ್ಣ ಸುತ್ತು ಹಾಕುವಷ್ಟರಲ್ಲಿ ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು ೮.೮ ಮೀಟರ್ ಹೆಚ್ಚು ನಡೆಯಬೇಕು. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಒಂದೇ ಅಚ್ಚಿಗೆ ಬಿಗಿದ ಗಾಲಿಗಳು ಆಗ ನೆಲವನ್ನು ಉಜ್ಜುತ್ತ ಎಳೆದಾಡಲೇಬೇಕು.

ಇದಕ್ಕೆ ಪರಿಹಾರವೇ ಡಿಫರೆನ್ಶಿಯಲ್. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಕೆರ್ ಎಂಬಾತನು ೧೮೨೭ರ ಸುಮಾರಿಗೆ ಉಗಿಬಂಡಿಗೆಂದು ಇದರ ಹಕ್ಕುಪತ್ರ ಪಡೆದನು. ಹೆಸರಿಗೆ ಒಂದು ಕನ್ನಡ ಶಬ್ದವನ್ನು ಕಟ್ಟಲು ನೋಡಿದೆ. ಆದರೆ ಅಣ್ಣಿಗೇರಿಯ ಗ್ಯಾರೇಜಿನವರಿಗೂ ಅರ್ಥವಾಗದ ಕನ್ನಡದಿಂದ ಏನು ಫಲ? ಆ ಗ್ಯಾರೇಜಿನಲ್ಲಿಯೇ ಬಿಚ್ಚಿಟ್ಟ ಒಂದು ಡಿಫರೆನ್ಶಿಯಲನ್ನು ನಾನು ಕೈಯಾರೆ ತಿರುಗಿಸಿ ನೋಡಿದೆ. ಒಂದು ಗೂಡು, ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಹಲ್ಲುಗಾಲಿ, ಇವೆರಡರ ನಡುವೆ ಎರಡರ ಹಲ್ಲನ್ನೂ ಕಚ್ಚಿಕೊಂಡ ಚಿಕ್ಕ ಹಲ್ಲುಗಾಲಿಗಳು. ಗೂಡನ್ನು ಬಿಗಿಹಿಡಿದು ಎಡದ ಗಾಲಿಯನ್ನು ಮುಂದಕ್ಕೆ ತಿರುಗಿಸಿದರೆ ಬಲದ್ದು ಅಷ್ಟೇ ಹಿಂದಕ್ಕೆ ತಿರುಗುತ್ತದೆ. ಎಂಜಿನ್ನು ಗೂಡನ್ನು ನೂಕುತ್ತದೆ, ಗೂಡು ಚಿಕ್ಕ ಗಾಲಿಯ ನಡುವನ್ನು ನೂಕುತ್ತದೆ, ಚಿಕ್ಕ ಗಾಲಿಯು ತನ್ನ ಎರಡೂ ಬದಿಯ ಹಲ್ಲುಗಳಿಂದ ಎಡಬಲಗಳನ್ನು ಸಮನಾಗಿ ನೂಕುತ್ತದೆ.

ಈ ‘ಸಮನಾಗಿ’ ಎಂಬ ಮಾತಿನಲ್ಲಿಯೇ ಎಲ್ಲ ಗುಟ್ಟೂ ಇದೆ. ನಡುವಿಗೆ ಸಡಿಲವಾಗಿ ಕಟ್ಟಿದ ನೊಗವನ್ನು ಕಣ್ಣೆದುರಿಗೆ ತಂದುಕೊಳ್ಳಿ. ಎಡದ ಎತ್ತು ಸೋತು ನಿಂತರೆ ಬಲದ ಎತ್ತು ಎಷ್ಟೇ ಬಲಶಾಲಿಯಾಗಿರಲಿ, ನೊಗ ಓರೆಯಾಗಿ ತಿರುಗುವುದೇ ಹೊರತು ಬಂಡಿ ಮುಂದೆ ಹೋಗದು. ಬಲದ ಎತ್ತು ಎಡದ್ದಕ್ಕಿಂತ ಒಂದು ಗುಂಜಿಯಷ್ಟೂ ಹೆಚ್ಚು ಎಳೆಯಲಾರದು. ಡಿಫರೆನ್ಶಿಯಲಿನಲ್ಲಿಯೂ ಹಾಗೆಯೇ. ರಾಡಿಯಲ್ಲಿದ್ದ ಗಾಲಿ ಎಷ್ಟು ತಿರುಗುಬಲವನ್ನು ತಡೆದುಕೊಳ್ಳಬಲ್ಲದೋ ಅಷ್ಟೇ ಬಲ ಗಟ್ಟಿನೆಲದ ಗಾಲಿಗೂ ಸಿಕ್ಕುತ್ತದೆ. ಒಟ್ಟು ಬಲವೆಂದರೆ ದುರ್ಬಲ ಗಾಲಿಯ ಎರಡು ಪಟ್ಟು, ಅಷ್ಟೇ. ಕಾಕಾ ಎಡಗಾಲಿಗೆ ಕಂಬಳಿ ಹಾಸಿದಾಗ ಎಡಗಾಲಿಯ ಹಿಡಿತ ಹೆಚ್ಚಿತು. ಅದು ಹೆಚ್ಚಿದಷ್ಟೂ ಬಲಗಾಲಿಯ ಪಾಲೂ ತಾನಾಗಿಯೇ ಹೆಚ್ಚಿತು.

ಹ್ಯಾಂಡ್ ಬ್ರೇಕು ಏಕೆ ನಿಷ್ಫಲವಾಯಿತೆಂಬುದೂ ಇದರಿಂದ ತಿಳಿಯುತ್ತದೆ. ಅದು ಹಳೆಯ ಕಾಲದ ಉಪಾಯ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದವುಗಳಲ್ಲಿ ಎಂಜಿನ್ನು ತಿರುಗಿಸುತ್ತಿದ್ದುದು ಹಿಂಗಾಲಿಗಳನ್ನು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ನಮ್ಮ ದೇಶದಲ್ಲಿ ಮುಂಗಾಲಿ ಚಾಲನೆಯ ಕಾರುಗಳು ಮನೆಮಾತಾದವು. ಇವುಗಳಲ್ಲಿ ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂಗಾಲಿಗಳನ್ನು. ರಾಡಿಯಲ್ಲಿ ತಿರುಗುವ ಮುಂಗಾಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನು ಕಾಲಿನ ಬ್ರೇಕೋ, ಎರಡೂ ಮುಂಗಾಲಿಗಳನ್ನು ಸಮನಾಗಿ ಹಿಡಿಯುತ್ತದೆ. ಎಡಗಾಲಿಯನ್ನು ತಡೆದು ಬಲಗಾಲಿಗೆ ಎಷ್ಟು ಬಲ ಕಳಿಸಿದೆವೋ ಅಷ್ಟನ್ನು ಬಲಗಾಲಿಯ ಬ್ರೇಕೇ ನುಂಗಿಬಿಡುತ್ತದೆ.

ಆದರೆ ಕಾಕಾನ ಟ್ರ್ಯಾಕ್ಟರಿನಲ್ಲಿ ಬ್ರೇಕಿನ ಪೆಡಲುಗಳು ಎರಡು, ಎಡಗಾಲಿಗೊಂದು, ಬಲಗಾಲಿಗೊಂದು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹೊಲದಲ್ಲಿ ಒಂದು ಗಾಲಿ ಜಾರತೊಡಗಿದರೆ ಅದೊಂದರ ಬ್ರೇಕನ್ನೇ ಒತ್ತಿ ಬಲವನ್ನು ಇನ್ನೊಂದಕ್ಕೆ ಅಟ್ಟಬಹುದು. ಇದಲ್ಲದೆ ಹಿಮ್ಮಡಿಗೆ ಸಿಗುವಂತೆ ಇನ್ನೊಂದು ಪೆಡಲಿದೆ: ಡಿಫರೆನ್ಶಿಯಲ್ ಲಾಕ್. ಅದನ್ನು ಮೆಟ್ಟಿದರೆ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಂತಾಗುತ್ತವೆ. ಹೊಲದ ತಲೆಗೆ ಬಂದು ತಿರುಗಿಸುವ ಮೊದಲು ಅದನ್ನು ಬಿಡಲೇಬೇಕು. ಮರೆತರೆ ಸ್ಟಿಯರಿಂಗ್ ಎಷ್ಟು ತಿರುವಿದರೂ ಟ್ರ್ಯಾಕ್ಟರು ನೆಟ್ಟಗೆ ಬದುವಿನ ಮೇಲೆ ಹೋಗುತ್ತದೆ. ಒಂದು ಸಲ ನಮ್ಮ ಅಣ್ಣ ಮರೆತು, ಪಕ್ಕದವರ ಹೊಲದ ಮೆಣಸಿನ ಗಿಡಗಳ ಮೇಲೆ ಹೋಗಿದ್ದ. ಆ ಕಥೆ ಇಲ್ಲಿ ಬೇಡ.

ಸ್ವಾರಸ್ಯವೆಂದರೆ, ಜಗತ್ತಿನ ವೇಗದ ಕಾರುಗಳನ್ನು ಕಟ್ಟುವವರು ಇಂದು ಚರ್ಚಿಸುತ್ತಿರುವುದು ಕಾಕಾನ ಕಾಲ ಬುಡದಲ್ಲಿರುವ ಈ ಎರಡು ಉಪಾಯಗಳನ್ನೇ. ಮುಂಗಾಲಿ ಚಾಲನೆಯ ಕಾರು ವೇಗವಾಗಿ ತಿರುವಿಗೆ ಹೊಕ್ಕಾಗ ಭಾರವೆಲ್ಲ ಹೊರಗಿನ ಗಾಲಿಯ ಮೇಲೆ ವಾಲುತ್ತದೆ. ಎಕ್ಸಿಲೇಟರ್ ತುಳಿದರೆ ಭಾರ ಮುಂದಿನಿಂದ ಹಿಂದಕ್ಕೂ ಸರಿಯುತ್ತದೆ. ಹೀಗೆ ಎರಡು ಕಡೆಯಿಂದಲೂ ಹಗುರಾದ ಒಳಗಿನ ಮುಂಗಾಲಿಯ ಗತಿ, ರಾಡಿಯಲ್ಲಿ ಸಿಕ್ಕ ನಮ್ಮ ಎಡಗಾಲಿಯ ಗತಿಯೇ. ಅದು ಸುಮ್ಮನೆ ತಿರುಗಿ ಹೊಗೆ ಎಬ್ಬಿಸುತ್ತದೆ, ಹೊರಗಿನದಕ್ಕೆ ಬಲವಿಲ್ಲ, ಕಾರು ತಿರುವನ್ನು ಬಿಟ್ಟು ಹೊರಹೊರಗೆ ಸರಿಯುತ್ತದೆ. ಟ್ರ್ಯಾಕ್ಟರಿನಂತೆ ಪೂರ್ತಿ ಬಿಗಿಯೋಣವೆಂದರೆ ಇಲ್ಲಿ ಎಳೆಯುವ ಗಾಲಿಯೇ ದಿಕ್ಕು ತಿರುಗಿಸುವ ಗಾಲಿ; ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಆದುದರಿಂದಲೇ ಲಿಮಿಟೆಡ್ ಸ್ಲಿಪ್, ಅಂದರೆ ಜಾರಿಕೆಗೆ ಮಿತಿ ಹಾಕುವ ಡಿಫರೆನ್ಶಿಯಲ್ ಬೇಕಾಯಿತು.

ಇದರ ಯಾಂತ್ರಿಕ ರೂಪ ಹಳೆಯದು. ೧೯೩೦ರ ದಶಕದಲ್ಲಿ ಫರ್ಡಿನಂಡ್ ಪೋರ್ಶೆ ರಚಿಸಿದ ಔಟೊ ಯೂನಿಯನ್ ಪಂದ್ಯದ ಕಾರಿನಲ್ಲಿ ಬಲ ಹೆಚ್ಚಾಗಿ ಒಂದು ಹಿಂಗಾಲಿ ಬರಿದೇ ತಿರುಗುತ್ತಿತ್ತು; ಅದಕ್ಕಾಗಿ ಜರ್ಮನಿಯ ಝಡ್‌ಎಫ್ ಸಂಸ್ಥೆ ಇಂಥದೊಂದನ್ನು ಮಾಡಿಕೊಟ್ಟಿತು. ಯಾಂತ್ರಿಕದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕ್ಲಚ್ಚಿನಂಥ ತಟ್ಟೆಗಳು ಒಂದನ್ನೊಂದು ಒತ್ತಿ, ಎರಡು ಗಾಲಿಗಳ ವೇಗ ಬೇರೆಯಾಗದಂತೆ ತಡೆಯುತ್ತವೆ. ತಟ್ಟೆಗಳು ಸವೆಯುತ್ತವೆ, ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಇನ್ನೊಂದರಲ್ಲಿ ಓರೆಹಲ್ಲಿನ ಗಾಲಿಗಳು ಬಲ ಬಿದ್ದಾಗ ಗೂಡಿನ ಗೋಡೆಗೆ ಒತ್ತಿಕೊಂಡು ಆ ಘರ್ಷಣೆಯಿಂದಲೇ ಬಲವನ್ನು ಹಂಚುತ್ತವೆ. ಅಮೆರಿಕೆಯ ವರ್ನನ್ ಗ್ಲೀಸ್‌ಮನ್ ೧೯೫೮ರಲ್ಲಿ ಹಕ್ಕುಪತ್ರ ಪಡೆದ, ಮುಂದೆ ಟಾರ್ಸನ್ ಎಂದು ಹೆಸರಾದ ಡಿಫರೆನ್ಶಿಯಲ್ ಈ ಜಾತಿಯದು. ಹೋಂಡಾದವರ ೧೯೯೫ರ ಇಂಟಿಗ್ರಾ ಟೈಪ್ ಆರ್, ಇಂಗ್ಲೆಂಡಿನ ಕ್ವೈಫ್ ಸಂಸ್ಥೆಯ ಡಿಫರೆನ್ಶಿಯಲ್ ಇದ್ದ ಫೋರ್ಡಿನ ೨೦೦೨ರ ಫೋಕಸ್ ಆರ್‌ಎಸ್, ಇವೆಲ್ಲ ಓರೆಹಲ್ಲಿನ ಮುಂಗಾಲಿ ಕಾರುಗಳೇ.

ಎಲೆಕ್ಟ್ರಾನಿಕ್ ಎಂಬ ಹೆಸರಿನಲ್ಲಿಯೂ ಎರಡು ಬೇರೆ ಬೇರೆ ವಸ್ತುಗಳು ಅಡಗಿವೆ. ಮಾರಾಟಗಾರರು ಇವನ್ನು ಬೇಕೆಂದೇ ಬೆರೆಸುತ್ತಾರೋ ಏನೋ. ಮೊದಲನೆಯದರಲ್ಲಿ ಡಿಫರೆನ್ಶಿಯಲ್ ಸಾದಾ ಆಗಿಯೇ ಇರುತ್ತದೆ. ಗಾಲಿಗಳ ವೇಗವನ್ನು ಅಳೆಯುವ ಕಂಪ್ಯೂಟರು ಹಗುರಾದ ಗಾಲಿಯ ಬ್ರೇಕನ್ನಷ್ಟೇ ಒತ್ತುತ್ತದೆ. ಫೋಕ್ಸ್‌ವ್ಯಾಗನ್ನಿನವರು ೨೦೦೯ರ ಗಾಲ್ಫ್ ಜಿಟಿಐಯಲ್ಲಿ ಇದನ್ನು ಎಕ್ಸ್‌ಡಿಎಸ್ ಎಂದು ಕರೆದರು. ಇದು ಟ್ರ್ಯಾಕ್ಟರಿನ ಒಂಟಿ ಬ್ರೇಕ್ ಪೆಡಲೇ. ಒತ್ತುವ ಕಾಲು ಮಾತ್ರ ಬೇರೆ. ಎರಡನೆಯದು ೨೦೧೩ರಲ್ಲಿ ಅದೇ ಗಾಲ್ಫಿನ ಮುಂದಿನ ಪೀಳಿಗೆಗೆ ಬಂದ ವಿಎಕ್ಯೂ. ಇದರಲ್ಲಿ ಡಿಫರೆನ್ಶಿಯಲಿನ ಗೂಡಿಗೂ ಒಂದು ಬದಿಯ ಅಚ್ಚಿಗೂ ನಡುವೆ ನಿಜವಾದ ತಟ್ಟೆ ಕ್ಲಚ್ಚಿದೆ. ಅದನ್ನು ವಿದ್ಯುತ್ ಪಂಪು ಬೇಕಾದಷ್ಟೇ ಬಿಗಿಯುತ್ತದೆ, ಬೇಡವಾದಾಗ ಬಿಡುತ್ತದೆ. ಇದು ಹಿಮ್ಮಡಿಯ ಲಾಕ್ ಪೆಡಲಿನ ವಂಶದ್ದು.

ಲೆಕ್ಕ ಹಾಕಿ ನೋಡಿದಾಗಲೇ ನನಗೆ ಇವುಗಳ ಅಂತರ ತಿಳಿದದ್ದು. ತಿರುವಿನಲ್ಲಿ ಒಳಗಿನ ಗಾಲಿ ೩೦೦ ನ್ಯೂಟನ್-ಮೀಟರ್, ಹೊರಗಿನದು ೯೦೦ ತಡೆದುಕೊಳ್ಳಬಲ್ಲದೆಂದು ಇಟ್ಟುಕೊಳ್ಳೋಣ. ಸಾದಾ ಡಿಫರೆನ್ಶಿಯಲಿನಲ್ಲಿ ರಸ್ತೆಗೆ ಮುಟ್ಟುವುದು ೩೦೦ರ ಎರಡು ಪಟ್ಟು, ೬೦೦. ಓರೆಹಲ್ಲಿನದು ಒಂದಕ್ಕೆ ಎರಡೂವರೆಯಂತೆ ಹಂಚುವುದಾದರೆ ಹೊರಗಿನ ಗಾಲಿಗೆ ೭೫೦ ಹೋಗಿ ಒಟ್ಟು ೧೦೫೦. ಬ್ರೇಕಿನ ಉಪಾಯದಲ್ಲಿ ೧೨೦೦ ಪೂರ್ತಿ ಸಿಕ್ಕಬಹುದು. ಆದರೆ ಹೊರಗೆ ೯೦೦ ಹೋಗಬೇಕಾದರೆ ಒಳಗಿನ ಬದಿಗೂ ೯೦೦ ಹೋಗಲೇಬೇಕು, ಅದರಲ್ಲಿ ೬೦೦ನ್ನು ಬ್ರೇಕು ತಿನ್ನಬೇಕು. ಎಂದರೆ ೧೮೦೦ ಕೊಟ್ಟು ೧೨೦೦ ಪಡೆದಂತಾಯಿತು; ಮೂರರಲ್ಲೊಂದು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು. ವಿಎಕ್ಯೂ ಬಗೆಯದರಲ್ಲಿ ಈ ನಷ್ಟ ಅತ್ಯಲ್ಪ. ಎಂಜಿನ್ ಕಡೆಯಿಂದ ೧೨೦೦ ಬಂದರೆ ೧೨೦೦ ರಸ್ತೆಗೆ.

ಹಾಗಾದರೆ ಬ್ರೇಕಿನದು ಕೀಳೇ? ಪಂದ್ಯದ ಹಾದಿಯಲ್ಲಿ ಸುತ್ತಿನ ಮೇಲೆ ಸುತ್ತು ಓಡುವವನಿಗೆ ಹೌದು. ಬ್ರೇಕು ಕಾದು ಸೋಲುತ್ತದೆ. ಆದರೆ ಬೆಣ್ಣಿಹಳ್ಳದ ದಂಡೆಯಲ್ಲಿ ಅರ್ಧ ನಿಮಿಷ ಬ್ರೇಕು ಬಿಸಿಯಾದರೆ ಯಾರಿಗೇನು? ಇದಕ್ಕೆ ಬೇರೆ ಬಿಡಿಭಾಗವೂ ಬೇಡ, ಕಾರಿನಲ್ಲಿರುವ ಬ್ರೇಕೇ ಸಾಕು. ಮೇಲಾಗಿ ಓರೆಹಲ್ಲಿನ ಹೆಮ್ಮೆಯ ಯಂತ್ರಕ್ಕೆ ಒಂದು ದೊಡ್ಡ ಕೊರತೆಯಿದೆ. ಒಂದು ಗಾಲಿ ಪೂರ್ತಿ ಗಾಳಿಯಲ್ಲಿ ತೇಲಿದರೆ ಅದರ ಹಿಡಿತ ಸೊನ್ನೆ. ಸೊನ್ನೆಯ ಎರಡೂವರೆ ಪಟ್ಟೂ ಸೊನ್ನೆಯೇ. ಟಾರ್ಸನ್ ಇರುವ ಅಮೆರಿಕೆಯ ಸೈನ್ಯದ ಹಂವೀ ವಾಹನದ ಚಾಲಕರಿಗೆ ಇಂಥ ಸಮಯದಲ್ಲಿ ಎಕ್ಸಿಲೇಟರಿನ ಜೊತೆಗೆ ಬ್ರೇಕನ್ನೂ ತುಸು ಒತ್ತಬೇಕೆಂದು ಕಲಿಸುತ್ತಿದ್ದರು. ನಮ್ಮ ಚಾಲಕ ಆ ರಾತ್ರಿ ಮಾಡಿದ್ದೂ ಅದನ್ನೇ; ಯಂತ್ರ ಮಾತ್ರ ಅದಕ್ಕೆ ತಕ್ಕುದಾಗಿರಲಿಲ್ಲ.

ಯಾಂತ್ರಿಕದ ಪಕ್ಷದವರು ಒಂದು ಮಾತು ಹೇಳುತ್ತಾರೆ: ಅದು ಕಾಯುವುದಿಲ್ಲ, ಯಾರನ್ನೂ ಕೇಳುವುದಿಲ್ಲ, ಚಾಲಕನ ಕಾಲಿಗೆ ಪ್ರತಿ ಸಲವೂ ಒಂದೇ ರೀತಿ ಉತ್ತರ ಕೊಡುತ್ತದೆ. ಇದು ನಿಜ. ಆದರೆ ತಟ್ಟೆಯ ಬಗೆಯದು ಒಳಗಾಲಿ ಜಾರುವ ಮೊದಲೇ, ತಿರುವಿಗೆ ಹೊಗುವಾಗಲೇ, ಎರಡು ಗಾಲಿಗಳನ್ನು ಒಂದೇ ವೇಗಕ್ಕೆ ಎಳೆದು ಕಾರನ್ನು ನೆಟ್ಟಗೆ ನೂಕುತ್ತದೆ. ಅಣ್ಣನನ್ನು ಮೆಣಸಿನ ಹೊಲಕ್ಕೆ ನೂಕಿದಂತೆ. ವಿದ್ಯುತ್ ಕ್ಲಚ್ಚು ಅಲ್ಲಿ ಸಡಿಲವಿದ್ದು, ಹೊರಬರುವಾಗ ಬಿಗಿಯಬಲ್ಲದು. ಪಕ್ಷ ಹಿಡಿಯಲೇಬೇಕಾದರೆ ನಾನು ವಿಎಕ್ಯೂ ಬಗೆಯ ಕಡೆ ಸೇರುತ್ತೇನೆ, ಆದರೆ ಅದರ ಪಂಪು ಕೆಟ್ಟರೆ ನವಲಗುಂದದಲ್ಲಿ ಬಿಚ್ಚುವವರು ಯಾರೆಂಬ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ.

ಇಷ್ಟನ್ನೂ ಓದಿ ಬರೆದುಕೊಂಡು ಹೋಗಿ ಕಾಕಾನಿಗೆ ಹೇಳಿದೆ. ನೊಗದ ಮಾತಿಗೆ ತಲೆಯಾಡಿಸಿದ. ೨೦೨೫ರಲ್ಲಿ ವಿಎಕ್ಯೂ ಇರುವ ಗಾಲ್ಫ್ ಜಿಟಿಐ ನಮ್ಮ ದೇಶಕ್ಕೂ ಬಂದಿತೆಂದೂ, ಅದರ ಬೆಲೆ ಐವತ್ತು ಲಕ್ಷಕ್ಕೂ ಮೇಲೆಂದೂ ಹೇಳಿದಾಗ ತುಸು ಹೊತ್ತು ಸುಮ್ಮನಿದ್ದು, “ಅಷ್ಟ ರೊಕ್ಕದಾಗ ಆ ರಸ್ತಾದ ಅಂಚಿಗೆ ಗರಸು ಹಾಕಬಹುದಿತ್ತಲ್ಲವಾ” ಎಂದ.

ಅಕ್ಕನ ಮಗಳು ಈಗ ಓಡಾಡುತ್ತಾಳೆ. ಈ ದೀಪಾವಳಿಗೆ ಅಕ್ಕ ಕಾಕಾನಿಗೆ ಹೊಸ ಕಂಬಳಿ ತಂದುಕೊಟ್ಟಳು.