ಕೊಟ್ಟಿಗೆಯಲ್ಲಿ ಕಂದು ಹಾಕಿದ ಎಮ್ಮೆ, ಮನೆಯಲ್ಲಿ ಗರ್ಭಿಣಿ



ಕಂದು ಹಾಕಿದ ಎಮ್ಮೆ ನೋಡಲು ಒಮ್ಮೆ ನಮ್ಮ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಏಳು ತಿಂಗಳ ಗಬ್ಬ. ಸತ್ತ ಕರುವನ್ನೂ ಮಾಸನ್ನೂ ಬರಿಗೈಯಿಂದ ಬುಟ್ಟಿಗೆ ತುಂಬುತ್ತಿದ್ದವಳು ಆ ಮನೆಯ ಸೊಸೆ, ಸ್ವತಃ ಆರು ತಿಂಗಳ ಗರ್ಭಿಣಿ. ತಪಾಸಣೆ ತಪ್ಪಿಸಿದವಳಲ್ಲ, ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ ಎಲ್ಲವೂ ಬರೆದಿತ್ತು. ಮನೆಯಲ್ಲಿ ದನಕರುಗಳಿವೆ ಎಂಬ ಮಾತು ಮಾತ್ರ ಅಲ್ಲಿ ಬಂದಿರಲಿಲ್ಲ.

ಐದು ತಿಂಗಳು ತುಂಬಿದ ಗಬ್ಬ ಬಿದ್ದರೆ ನಾವು ಮೊದಲು ಸಂಶಯಪಡುವುದು ಬ್ರುಸೆಲ್ಲೋಸಿಸ್ ರೋಗವನ್ನು. ಇದರ ರೋಗಾಣುಗಳು ಸತ್ತ ಕರು, ಮಾಸು, ಗರ್ಭದ ನೀರು ಮತ್ತು ಹಸಿ ಹಾಲಿನಲ್ಲಿರುತ್ತವೆ. ಕೈಮೇಲಿನ ಸಣ್ಣ ಗಾಯದಿಂದಲೂ ಮನುಷ್ಯರ ದೇಹ ಸೇರುತ್ತವೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲು ಹಾಗೂ ಸೊಂಟ ನೋವು ಇದರ ಲಕ್ಷಣ. ಗರ್ಭಿಣಿಗೆ ಬಂದರೆ ಗರ್ಭಪಾತದ ಅಪಾಯವಿದೆ. ಟೈಫಾಯಿಡ್ ಎಂದು ತಿಳಿದು ದಿನ ಕಳೆಯುವುದೂ ಉಂಟು. "ನಮ್ಮ ಎಮ್ಮೆ ಕಂದು ಹಾಕಿದೆ" ಎಂದು ವೈದ್ಯರಿಗೆ ಹೇಳಿದರೆ ಸಾಕು, ಅದಕ್ಕೆ ತಕ್ಕ ರಕ್ತಪರೀಕ್ಷೆ ಮಾಡಿಸಿ ಗರ್ಭಿಣಿಗೆ ಒಗ್ಗುವ ಔಷಧಿ ಕೊಡುತ್ತಾರೆ.

ಇಂಥ ಸಮಯದಲ್ಲಿ ಗರ್ಭಿಣಿಯನ್ನು ಕೊಟ್ಟಿಗೆಯಿಂದ ದೂರವಿಡಿ. ಬೇರೆಯವರು ಕೈಗವಸು ಹಾಕಿಕೊಂಡು, ಮಾಸನ್ನು ನಾಯಿ ಎಳೆಯದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಹಾಲನ್ನು ಚೆನ್ನಾಗಿ ಉಕ್ಕಿಸದೆ ಯಾರೂ ಕುಡಿಯಬಾರದು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಅದು ಜೀವಂತ ಲಸಿಕೆಯಾದ್ದರಿಂದ ಕರು ಹಿಡಿಯಲು ಗರ್ಭಿಣಿಯನ್ನು ಕರೆಯಬೇಡಿ.

ಇನ್ನು ಗುಳಿಗೆಯ ವಿಷಯ. ಅತ್ತೆಯಂದಿರು ಅಕ್ಕರೆಯಿಂದ ಕಬ್ಬಿಣಾಂಶದ ಗುಳಿಗೆಯನ್ನು ಹಾಲಿನೊಂದಿಗೆ ಕೊಡುತ್ತಾರೆ. ಹಾಲಿನ ಸುಣ್ಣದಂಶವೂ ಚಹಾವೂ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಲಿನ ಪತ್ರಿಕೆಯಲ್ಲಿಯೇ ಇದನ್ನು ಹೇಳಬೇಕಾಗಿದೆ: ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಗುಳಿಗೆಯನ್ನು ನೀರು ಇಲ್ಲವೇ ಲಿಂಬೆ ಪಾನಕದೊಂದಿಗೆ ಕೊಡಿ, ಹಾಲನ್ನು ಎರಡು ತಾಸು ಬಿಟ್ಟು ಕೊಡಿ. ಕ್ಯಾಲ್ಸಿಯಂ ಗುಳಿಗೆಯೂ ಬೇರೆ ಹೊತ್ತಿಗೇ ಇರಲಿ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅದಕ್ಕಾಗಿಯೇ ಕನಿಷ್ಠ 180 ದಿನ ಗುಳಿಗೆ ಬಿಡದೆ ನುಂಗಬೇಕು.

ಈಯುವ ಎರಡು ತಿಂಗಳ ಮೊದಲೇ ಎಮ್ಮೆಯ ಹಾಲು ಬತ್ತಿಸಿ ವಿಶ್ರಾಂತಿ ಕೊಡುತ್ತೇವೆ, ಹಿಂಡಿ ಹೆಚ್ಚಿಸುತ್ತೇವೆ. ಅದೇ ಮನೆಯ ಸೊಸೆ ತುಂಬು ತಿಂಗಳಲ್ಲಿ ಹಾಲಿನ ಕ್ಯಾನು ಹೊರುವುದನ್ನು ನೋಡಿದ್ದೇನೆ. ಅರ್ಧ ಲೀಟರ್ ಹಾಲನ್ನು ಅವಳಿಗೆಂದು ತೆಗೆದಿಟ್ಟು, ಉಳಿದದ್ದನ್ನು ಸಂಘಕ್ಕೆ ಹಾಕಿರಿ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತಿದೆ. ಖಾನಾಪುರ ತಾಲೂಕಿನ ಬೀಡಿ, ಕಕ್ಕೇರಿ, ನಂದಗಡ ಭಾಗದ ಸದಸ್ಯರಲ್ಲಿ ನನ್ನ ವಿನಂತಿ: ಸೊಸೆಯೊಬ್ಬಳನ್ನೇ ಕಳಿಸಬೇಡಿ. ಗುಳಿಗೆ, ಊಟ, ಕೆಲಸದ ಬಗ್ಗೆ ಅಲ್ಲಿ ಹೇಳುವ ಮಾತನ್ನು ಮನೆಯಲ್ಲಿ ನಡೆಸಿಕೊಡಬೇಕಾದವರು ಅತ್ತೆ ಮತ್ತು ಗಂಡ. ಅವರಲ್ಲೊಬ್ಬರು ಜೊತೆಗೆ ಹೋಗಿರಿ, ಮನೆಯಲ್ಲಿ ದನಗಳಿರುವುದನ್ನು ಮೊದಲು ತಿಳಿಸಿರಿ.